ಸಿಂಗಲ್‌ನಲ್ಲಿ ಗೆಲ್ಲದೆ ದೊಡ್ಡ ರೋಯರ್ ಆಗೋಕೆ ಸಾಧ್ಯವಾ?

ಪ್ರಶ್ನೆ: ನನ್ನ ತಮ್ಮ ಸೇನೆಯಲ್ಲಿದ್ದಾನೆ. ವಯಸ್ಸು 21, ಎತ್ತರ 6 ಅಡಿ 1 ಇಂಚು. ಸೇನೆಗೆ ಸೇರುವವರೆಗೆ ದೋಣಿ ಹತ್ತಿದವನೇ ಅಲ್ಲ. ಈಗ ರೋಯಿಂಗ್‌ಗೆ ಆರಿಸಿದ್ದಾರೆ, ಪುಣೆಯಲ್ಲಿ ತರಬೇತಿ ನಡೆಯುತ್ತಿದೆ. ಕೋಚ್ ಅವನನ್ನು ನಾಲ್ಕು ಜನರ ದೋಣಿಗೆ ಹಾಕಬೇಕು ಅಂತಿದ್ದಾರೆ. ಇವನಿಗೆ ಒಬ್ಬನೇ ಕೂರುವ ಸಿಂಗಲ್ ಬೇಕಂತೆ. ‘ನಾಲ್ಕು ಜನರ ಮಧ್ಯೆ ಗೆದ್ದರೆ ನನ್ನ ಹೆಸರು ಯಾರಿಗೆ ಗೊತ್ತಾಗುತ್ತೆ’ ಅಂತಾನೆ. ಬ್ರಿಟನ್ನಿನ ಸ್ಟೀವ್ ರೆಡ್‌ಗ್ರೇವ್ 5 ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದರು, ಕೊನೆಯದನ್ನು ಸಕ್ಕರೆ ಕಾಯಿಲೆ ಇಟ್ಟುಕೊಂಡೇ ಗೆದ್ದರು ಅಂತ ಓದಿದೆ. ಅವರು ಯಾವ ದೋಣಿಯಲ್ಲಿ ಗೆದ್ದದ್ದು? ಇಂಥವರ ಬದುಕು ಹೇಗಿರುತ್ತೆ? ನಮ್ಮ ತಂದೆಗೂ ಡಯಾಬಿಟಿಸ್ ಇದೆ, ಅದಕ್ಕೇ ಆ ವಿಷಯವನ್ನೂ ಸ್ವಲ್ಪ ಬಿಡಿಸಿ ಹೇಳಿ.
ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ನಿಮ್ಮ ತಮ್ಮನಿಗೆ ಇಷ್ಟ ಆಗಲಿಕ್ಕಿಲ್ಲ. ರೆಡ್‌ಗ್ರೇವ್ ಗೆದ್ದ 5 ಒಲಿಂಪಿಕ್ ಚಿನ್ನಗಳಲ್ಲಿ ಒಂದೂ ಸಿಂಗಲ್‌ನಲ್ಲಿ ಬಂದದ್ದಲ್ಲ.

1984ರ ಲಾಸ್ ಏಂಜಲೀಸ್‌ನಲ್ಲಿ ಅವರು ಗೆದ್ದದ್ದು ನಾಲ್ಕು ಜನ ಹುಟ್ಟು ಹಾಕುವ, ಐದನೆಯವನು ಕೂತು ದಾರಿ ಹೇಳುವ ದೋಣಿಯಲ್ಲಿ. ಹಾಗೆ ದಾರಿ ಹೇಳುವವನಿಗೆ ಕಾಕ್ಸ್ ಅನ್ನುತ್ತಾರೆ. 1988ರ ಸೋಲ್‌ನಲ್ಲಿ ಆಂಡಿ ಹೋಮ್ಸ್ ಜೊತೆ ಕಾಕ್ಸ್ ಇಲ್ಲದ ಇಬ್ಬರ ದೋಣಿ. 1992ರ ಬಾರ್ಸಿಲೋನಾ ಮತ್ತು 1996ರ ಅಟ್ಲಾಂಟಾದಲ್ಲಿ ಮತ್ತೆ ಇಬ್ಬರ ದೋಣಿ, ಈ ಸಲ ಜೊತೆಗಾರ ಮ್ಯಾಥ್ಯೂ ಪಿನ್ಸೆಂಟ್. 2000ದ ಸಿಡ್ನಿಯಲ್ಲಿ ಪಿನ್ಸೆಂಟ್, ಜೇಮ್ಸ್ ಕ್ರ್ಯಾಕ್ನೆಲ್, ಟಿಮ್ ಫಾಸ್ಟರ್ ಜೊತೆ ಕಾಕ್ಸ್ ಇಲ್ಲದ ನಾಲ್ಕು ಜನರ ದೋಣಿ. ವಿಶ್ವ ಚಾಂಪಿಯನ್‌ಷಿಪ್‌ನಲ್ಲೂ 9 ಚಿನ್ನ ಇವೆ. ಅವೂ ಎಲ್ಲ ಇಬ್ಬರ ಅಥವಾ ನಾಲ್ವರ ದೋಣಿಯವೇ.

ಹಾಗಂತ ಅವರಿಗೆ ಸಿಂಗಲ್ ಆಸೆ ಇರಲಿಲ್ಲವಾ? ಇತ್ತು, ಅದೂ ಜೋರಾಗಿಯೇ ಇತ್ತು. ನಿಮ್ಮ ತಮ್ಮನ ವಯಸ್ಸಿನಲ್ಲಿ ರೆಡ್‌ಗ್ರೇವ್ ಕೂಡ ಸಿಂಗಲ್‌ನಲ್ಲಿ ವಿಶ್ವ ಚಾಂಪಿಯನ್ ಆಗಬೇಕು ಅಂತಲೇ ಹೊರಟವರು. ಥೇಮ್ಸ್ ನದಿಯ ಮೇಲೆ ನಡೆಯುವ ಹೆನ್ಲಿ ರೆಗಟ್ಟಾದಲ್ಲಿ ಸಿಂಗಲ್‌ಗೆ ಕೊಡುವ ಡೈಮಂಡ್ ಸ್ಕಲ್ಸ್ ಗೆದ್ದರು. 1986ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಸಿಂಗಲ್ ಚಿನ್ನವೂ ಸಿಕ್ಕಿತು. ಆದರೆ ವಿಶ್ವ ಮಟ್ಟದ ಸಿಂಗಲ್‌ನಲ್ಲಿ ಪದಕದ ಹತ್ತಿರವೂ ಸುಳಿಯಲಿಲ್ಲ. ಆಗ ಆ ದೋಣಿಯ ರಾಜ ಫಿನ್‌ಲ್ಯಾಂಡಿನ ಪೆರ್ಟಿ ಕಾರ್ಪಿನೆನ್. ಕೆಲಸ ಅಗ್ನಿಶಾಮಕ ದಳದಲ್ಲಿ. 1976, 1980, 1984, ಮೂರು ಸಲವೂ ಸಿಂಗಲ್ ಚಿನ್ನ ಅವರದೇ. ಅಂಥವರ ಎದುರು ರೆಡ್‌ಗ್ರೇವ್ ಒಳ್ಳೆಯ ರೋಯರ್, ಅಷ್ಟೆ. ಕೋಚ್ ಮೈಕ್ ಸ್ಪ್ರಾಕ್ಲೆನ್ 1984ಕ್ಕೆ ಅವರನ್ನು ನಾಲ್ಕು ಜನರ ದೋಣಿಗೆ ಕೂರಿಸಿದರು. ಅಲ್ಲಿ ಮೊದಲ ಚಿನ್ನ ಬಂತು.

ನಾನು ರೋಯರ್‌ಗಳಿಗೆ ತರಬೇತಿ ಕೊಡುವವನು. ಹುಡುಗರ ಈ ಸಿಂಗಲ್ ಹುಚ್ಚು ನನಗೆ ಹೊಸದಲ್ಲ. ಒಬ್ಬನೇ ಗೆದ್ದರೆ ಅದು ನಿಜವಾದ ಗೆಲುವು, ಜೊತೆಯಲ್ಲಿ ಗೆದ್ದರೆ ಪಾಲು ಅನ್ನೋ ಲೆಕ್ಕ. ಇಬ್ಬರ ದೋಣಿಯಲ್ಲಿ ಕೂತು ನೋಡಿದವರು ಹೀಗೆ ಮಾತಾಡಲ್ಲ. ಅದು ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸಿಂಗಲ್‌ನಲ್ಲಿ ಒಬ್ಬನ ಕೈಯಲ್ಲಿ ಎರಡು ಹುಟ್ಟು ಇರುತ್ತವೆ, ಎಡಕ್ಕೊಂದು, ಬಲಕ್ಕೊಂದು. ರೆಡ್‌ಗ್ರೇವ್ ಒಲಿಂಪಿಕ್ ಚಿನ್ನ ಗೆದ್ದ ದೋಣಿಗಳಲ್ಲಿ ಒಬ್ಬೊಬ್ಬರಿಗೆ ಒಂದೇ ಹುಟ್ಟು. ಇಬ್ಬರ ದೋಣಿಯಲ್ಲಿ ಒಬ್ಬ ಎಡಕ್ಕೆ ಎಳೆಯುತ್ತಾನೆ, ಇನ್ನೊಬ್ಬ ಬಲಕ್ಕೆ. ಒಬ್ಬ ಚೂರು ಜಾಸ್ತಿ ಎಳೆದರೆ ದೋಣಿ ಇನ್ನೊಬ್ಬನ ಕಡೆ ತಿರುಗುತ್ತದೆ. ಒಬ್ಬನ ಹುಟ್ಟು ಅರೆಕ್ಷಣ ಮೊದಲು ನೀರಿಗೆ ಇಳಿದರೆ ದೋಣಿ ವಾಲುತ್ತದೆ. ಕಾಕ್ಸ್ ಇಲ್ಲ. ಇಬ್ಬರೂ ಬೆನ್ನು ಹಾಕಿ ಕೂತಿರುತ್ತಾರೆ, ಮುಂದೆ ಏನಿದೆ ಅಂತ ಕಾಣಲ್ಲ. ಒಬ್ಬನ ಶೂಗೆ ತಂತಿ ಕಟ್ಟಿರುತ್ತದೆ, ಪಾದ ತಿರುಗಿಸಿದರೆ ಚುಕ್ಕಾಣಿ ತಿರುಗುತ್ತದೆ. ಪೂರ್ತಿ ಬಲ ಹಾಕಿ ತುಳಿಯುತ್ತಿರುವ ಕಾಲಿನಲ್ಲೇ ದಾರಿಯನ್ನೂ ಸರಿ ಮಾಡಬೇಕು. ಎಲ್ಲ ದೋಣಿಗಳಲ್ಲಿ ಹೊಂದಿಸಲು ಕಷ್ಟವಾದದ್ದು ಇದೇ ಅಂತ ನನ್ನ ಅಭಿಪ್ರಾಯ. ಸಿಂಗಲ್‌ನಲ್ಲಿ ಸೋತರೆ ನಿಮ್ಮ ತಪ್ಪು ನಿಮಗೆ ಗೊತ್ತಿರುತ್ತೆ. ಇಲ್ಲಿ ಯಾರ ತಪ್ಪು ಅಂತ ಇಬ್ಬರಿಗೂ ಗೊತ್ತಾಗಲ್ಲ, ಆದರೂ ನಾಳೆ ಬೆಳಿಗ್ಗೆ ಮತ್ತೆ ಅದೇ ದೋಣಿಯಲ್ಲಿ ಕೂರಬೇಕು.

ಹೋಮ್ಸ್ ಮತ್ತು ರೆಡ್‌ಗ್ರೇವ್ ಹೊರಗೆ ಅಷ್ಟೇನೂ ಆಪ್ತರಲ್ಲ. ನೀರಿಗಿಳಿದರೆ ಮಾತ್ರ ಒಂದೇ ದೇಹದ ಹಾಗೆ ಎಳೆಯುತ್ತಿದ್ದರು. ಸೋಲ್‌ನಲ್ಲಿ ಅವರು ಕಾಕ್ಸ್ ಇರುವ ಇಬ್ಬರ ದೋಣಿಯಲ್ಲೂ ಸ್ಪರ್ಧಿಸಿ ಕಂಚು ತಂದರು. ಒಂದೇ ಒಲಿಂಪಿಕ್ಸ್‌ನಲ್ಲಿ ಎರಡು ದೋಣಿ ಅಂದರೆ ಮೈ ಮುರಿಯೋ ಕೆಲಸ. ಆ ಕಾಕ್ಸ್ ಇರುವ ದೋಣಿಯಲ್ಲಿ ಚಿನ್ನ ಗೆದ್ದವರು ಇಟಲಿಯ ಅಬ್ಬಾಗ್ನಾಲೆ ಸೋದರರು.

ಪಿನ್ಸೆಂಟ್ ಬಂದಾಗ ಅವರಿಗೆ 19–20 ವರ್ಷ. ಈಟನ್ ಶಾಲೆ, ಆಕ್ಸ್‌ಫರ್ಡ್, ದೊಡ್ಡ ಮನೆತನದ ಹುಡುಗರ ದಾರಿಯಲ್ಲಿ ಬಂದವರು. ರೆಡ್‌ಗ್ರೇವ್ ಥೇಮ್ಸ್ ದಂಡೆಯ ಮಾರ್ಲೋ ಊರಿನವರು. ತಂದೆ ಮನೆ ಕಟ್ಟುವ ಕೆಲಸದವರು. ರೆಡ್‌ಗ್ರೇವ್‌ಗೆ ಅಕ್ಷರ ಓದುವುದು ಬರೆಯುವುದೇ ಕಷ್ಟ, ಡಿಸ್ಲೆಕ್ಸಿಯಾ ಇತ್ತು. 16ಕ್ಕೆ ಶಾಲೆ ಬಿಟ್ಟರು. ರೋಯಿಂಗ್‌ಗೆ ಕರೆದದ್ದು ಶಾಲೆಯ ಇಂಗ್ಲಿಷ್ ಮೇಷ್ಟ್ರು ಫ್ರಾನ್ಸಿಸ್ ಸ್ಮಿತ್. ಹುಡುಗನ ದೊಡ್ಡ ಕೈ, ದೊಡ್ಡ ಪಾದ ನೋಡಿ ಕರೆದರಂತೆ. ಕೋಚ್‌ಗಳು ಇವತ್ತಿಗೂ ಹಾಗೇ ನೋಡುತ್ತಾರೆ ಬಿಡಿ. ಉದ್ದ ಕೈಕಾಲು ಇದ್ದವನ ಹುಟ್ಟು ನೀರಿನಲ್ಲಿ ಜಾಸ್ತಿ ದೂರ ಸಾಗುತ್ತದೆ. ನಿಮ್ಮ ತಮ್ಮನನ್ನು ಆರಿಸಿದ್ದಕ್ಕೂ ಬಹುಶಃ ಇದೇ ಕಾರಣ.

ಇವರಿಬ್ಬರ ಕತೆಯಲ್ಲಿ ನನಗೆ ತುಂಬ ಇಷ್ಟವಾದ ಭಾಗ ಸೀಟು ಬದಲಿಸಿದ್ದು. ಮೊದಲು ಹಿರಿಯರಾದ ರೆಡ್‌ಗ್ರೇವ್ ‘ಸ್ಟ್ರೋಕ್’ ಸೀಟಿನಲ್ಲಿ ಕೂರುತ್ತಿದ್ದರು. ಅಂದರೆ ಲಯ ಹಾಕಿಕೊಡುವ ಜಾಗ, ದೋಣಿಯಲ್ಲಿ ಅದು ಗೌರವದ ಸೀಟು. 1990ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜೋಡಿಗೆ ಸಿಕ್ಕಿದ್ದು ಕಂಚು. 1991ರಲ್ಲಿ ಪೂರ್ವ ಜರ್ಮನಿಯಿಂದ ಬಂದ ಯೂರ್ಗನ್ ಗ್ರೋಬ್ಲರ್ ಕೋಚ್ ಆದರು. ಆ ವರ್ಷ ಪಿನ್ಸೆಂಟ್ ಸ್ಟ್ರೋಕ್‌ಗೆ ಹೋದರು, ರೆಡ್‌ಗ್ರೇವ್ ಹಿಂದಿನ ಸೀಟಿಗೆ ಬಂದರು. ಅಷ್ಟರಲ್ಲಿ ಎರಡು ಒಲಿಂಪಿಕ್ ಚಿನ್ನ ಗೆದ್ದಾಗಿತ್ತು ಅವರು. ತನಗಿಂತ 8 ವರ್ಷ ಚಿಕ್ಕ ಹುಡುಗನ ಲಯಕ್ಕೆ ಎಳೆಯಲು ಒಪ್ಪಿಕೊಂಡರು. ಅದೇ ವರ್ಷ ವಿಶ್ವ ಚಾಂಪಿಯನ್ ಆದರು. ಆಮೇಲೆ 1996ರವರೆಗೆ ಆ ಜೋಡಿಯನ್ನು ದೊಡ್ಡ ಸ್ಪರ್ಧೆಯಲ್ಲಿ ಯಾರೂ ಅಲುಗಾಡಿಸಲಿಲ್ಲ. ಅಟ್ಲಾಂಟಾದಲ್ಲಿ ಇಡೀ ಬ್ರಿಟನ್ನಿಗೆ ಬಂದದ್ದು ಒಂದೇ ಒಂದು ಚಿನ್ನ, ಅದು ಈ ಜೋಡಿಯದು. ಪದಕ ಪಟ್ಟಿಯಲ್ಲಿ ದೇಶ 36ನೇ ಸ್ಥಾನದಲ್ಲಿತ್ತು.

ಬದುಕು ಹೇಗಿರುತ್ತೆ ಅಂತ ಕೇಳಿದ್ದೀರಿ. ನಿಜ ಹೇಳಬೇಕೆಂದರೆ ಬೋರು. ರೇಸ್ 2000 ಮೀಟರ್. ದೋಣಿ ಯಾವುದು ಅನ್ನುವುದರ ಮೇಲೆ ಐದೂವರೆಯಿಂದ ಏಳೂವರೆ ನಿಮಿಷದಲ್ಲಿ ಮುಗಿಯುತ್ತದೆ. ಅದಕ್ಕಾಗಿ ವರ್ಷಪೂರ್ತಿ ದಿನಕ್ಕೆ ಎರಡು ಮೂರು ಸಲ ಅಭ್ಯಾಸ. ರೇಸ್‌ನಲ್ಲಿ ನಿಮಿಷಕ್ಕೆ 36ರಿಂದ 40 ಸಲ ಹುಟ್ಟು ಎಳೆಯುತ್ತಾರೆ. ಅಭ್ಯಾಸದ ಬಹುಪಾಲು ಮಾತ್ರ ನಿಮಿಷಕ್ಕೆ 18–20ರ ನಿಧಾನದಲ್ಲಿ, ಗಂಟೆಗಟ್ಟಲೆ. ನೋಡುವವರಿಗೆ ಸುಮ್ನೆ ತೇಲುತ್ತಾ ಹೋದ ಹಾಗೆ ಕಾಣುತ್ತೆ. ರೇಸ್‌ನ ಶಕ್ತಿಯಲ್ಲಿ ಮುಕ್ಕಾಲು ಪಾಲು ಆಮ್ಲಜನಕದಿಂದ ಬರುವಂಥದ್ದು. ಆ ಹೃದಯ, ಆ ಶ್ವಾಸಕೋಶ ಕಟ್ಟಲು ಬೇರೆ ಅಡ್ಡದಾರಿ ಇಲ್ಲ. ಚಳಿಗಾಲದಲ್ಲಿ ಎರ್ಗ್ ಮೆಷಿನ್ ಇದೆ, ಅಂದರೆ ಒಳಗೆ ಕೂತು ಹುಟ್ಟು ಎಳೆದ ಹಾಗೆ ಎಳೆಯುವ ಯಂತ್ರ. ಅದರ ಪರದೆ ಯಾರ ಮುಲಾಜೂ ನೋಡಲ್ಲ. ಹೊರಗಿನವರು ಇದು ತೋಳಿನ ಆಟ ಅಂದುಕೊಳ್ಳುತ್ತಾರೆ. ಸೀಟು ಹಿಂದೆ ಮುಂದೆ ಜಾರುತ್ತದಲ್ವಾ, ಆದ್ದರಿಂದ ದೊಡ್ಡ ಕೆಲಸ ಕಾಲಿನದು. ಆಮೇಲೆ ಬೆನ್ನು, ತೋಳು ಕೊನೆಗೆ. ಹಾಗಾಗಿ ಹಾಳಾಗುವುದೂ ಜಾಸ್ತಿ ಸೊಂಟ ಮತ್ತು ಪಕ್ಕೆಲುಬು. ಟಿಮ್ ಫಾಸ್ಟರ್ ಬೆನ್ನಿನ ಆಪರೇಷನ್ ಮಾಡಿಸಿಕೊಂಡು 1999ರ ವಿಶ್ವ ಚಾಂಪಿಯನ್‌ಷಿಪ್ ತಪ್ಪಿಸಿಕೊಂಡರು. ಅವರ ಜಾಗದಲ್ಲಿ ಎಡ್ ಕೂಡ್ ಎಂಬವರು ಕೂತು ಚಿನ್ನ ಗೆದ್ದರು. ಮರುವರ್ಷ ಫಾಸ್ಟರ್ ವಾಪಸ್ ಬಂದಾಗ ಕೂಡ್ ಆ ದೋಣಿಯಿಂದ ಇಳಿಯಬೇಕಾಯಿತು. ಸಿಡ್ನಿಯಲ್ಲಿ ಬೇರೆ ದೋಣಿಯಲ್ಲಿ ಸ್ಪರ್ಧಿಸಿ ನಾಲ್ಕನೆಯವರಾದರು. ಈ ಆಟದಲ್ಲಿ ಇಂಥದ್ದೂ ಇದೆ, ನಿಮ್ಮ ತಮ್ಮನಿಗೆ ಗೊತ್ತಿರಲಿ.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ರೆಡ್‌ಗ್ರೇವ್ ಮೊದಲ ವರ್ಷಗಳಲ್ಲಿ ಮನೆಯವರ ಆಸರೆಯಲ್ಲೇ ಬದುಕಿದರು. ಬ್ರಿಟನ್ನಿನಲ್ಲಿ ಲಾಟರಿ ಹಣ ಆಟಗಾರರ ಕೈಗೆ ಬರಲು ಶುರುವಾದದ್ದು 1997ರಲ್ಲಿ. ಅಷ್ಟು ಹೊತ್ತಿಗೆ ಅವರು ನಾಲ್ಕು ಚಿನ್ನ ಗೆದ್ದಾಗಿತ್ತು. ನಮ್ಮಲ್ಲಿ ಸೇನೆ ಸಂಬಳ ಕೊಟ್ಟು, ಊಟ ಕೊಟ್ಟು, ದೋಣಿ ಕೊಟ್ಟು ಆಡಿಸುತ್ತದೆ. ರೋಯಿಂಗ್ ದೋಣಿ ಲಕ್ಷಗಟ್ಟಲೆ ಬೆಲೆಯದು. ಆ ಲೆಕ್ಕದಲ್ಲಿ ನಿಮ್ಮ ತಮ್ಮ 21ರ ರೆಡ್‌ಗ್ರೇವ್‌ಗಿಂತ ನೆಮ್ಮದಿಯ ಜಾಗದಲ್ಲಿದ್ದಾನೆ.

ಈಗ ಕಾಯಿಲೆಯ ವಿಷಯ. ಅವರಿಗೆ ಇದ್ದದ್ದು ಒಂದಲ್ಲ. 1992ರಲ್ಲಿ, ಬಾರ್ಸಿಲೋನಾಗೆ ಕೆಲವೇ ತಿಂಗಳ ಮುಂಚೆ, ದೊಡ್ಡ ಕರುಳಿನಲ್ಲಿ ಹುಣ್ಣಾಗುವ ಅಲ್ಸರೇಟಿವ್ ಕೊಲೈಟಿಸ್ ಪತ್ತೆಯಾಯಿತು. ಅದು ಒಮ್ಮೆ ಹೋಗಿ ಮತ್ತೆ ಮತ್ತೆ ಬರುವ ಕಾಯಿಲೆ. ಅದನ್ನು ಔಷಧದಲ್ಲಿ ಹಿಡಿತಕ್ಕೆ ತಂದು ಆ ಚಿನ್ನ ಗೆದ್ದರು. 1996ರ ರೇಸ್ ಮುಗಿದಾಗ ಸಾಕಾಗಿ ಹೋಗಿತ್ತು. ಇನ್ನು ಯಾರಾದರೂ ನನ್ನನ್ನು ದೋಣಿಯ ಹತ್ತಿರ ನೋಡಿದರೆ ಗುಂಡು ಹೊಡೆಯಬಹುದು ಅಂತ ಟಿವಿಯವರ ಮುಂದೆಯೇ ಹೇಳಿಬಿಟ್ಟರು. ಕೆಲವೇ ತಿಂಗಳಲ್ಲಿ ಮತ್ತೆ ದೋಣಿ ಹತ್ತಿದರು, ಈ ಸಲ ನಾಲ್ವರ ದೋಣಿ. 1997ರ ಕೊನೆಗೆ ಡಯಾಬಿಟಿಸ್ ಬಂತು. ಇನ್ಸುಲಿನ್ ಬೇಕಾದ ಡಯಾಬಿಟಿಸ್. ಆಗ ವಯಸ್ಸು 35.

ಇಲ್ಲಿ ಮನೋಬಲದಿಂದ ಸಕ್ಕರೆ ಕಾಯಿಲೆ ಗೆದ್ದರು ಅಂತ ಬರೆಯುವವರು ಇದ್ದಾರೆ. ಆ ಮಾತು ನನಗೆ ಒಪ್ಪಿಗೆ ಇಲ್ಲ. ಮನೋಬಲ ರಕ್ತದ ಸಕ್ಕರೆ ಇಳಿಸಲ್ಲ. ನಡೆದದ್ದು ಇದು. ಆ ಮಟ್ಟದ ರೋಯರ್ ದಿನಕ್ಕೆ 6000 ಕ್ಯಾಲೊರಿಯಷ್ಟು ತಿನ್ನಬೇಕು. ಸಾಮಾನ್ಯ ಮನುಷ್ಯನ ಎರಡೂವರೆ ಪಟ್ಟು. ಅದರಲ್ಲಿ ದೊಡ್ಡ ಪಾಲು ಪಿಷ್ಟ ಮತ್ತು ಸಕ್ಕರೆ, ಯಾಕೆಂದರೆ ಸ್ನಾಯು ಜೋರಾಗಿ ಕೆಲಸ ಮಾಡುವಾಗ ಉರಿಸುವುದು ಅದನ್ನೇ. ಮೊದಲಿಗೆ ಸಕ್ಕರೆ ಬಿಟ್ಟ ಪಥ್ಯ ಮಾಡಿ ನೋಡಿದರು. ಮೈಯಲ್ಲಿ ಶಕ್ತಿಯೇ ನಿಲ್ಲಲಿಲ್ಲ. ಆಮೇಲೆ ವೈದ್ಯರೂ ಅವರೂ ಸೇರಿ ಲೆಕ್ಕವನ್ನು ತಿರುಗಿಸಿದರು. ಊಟ ಮೊದಲಿನಂತೆಯೇ ಇರಲಿ, ಇನ್ಸುಲಿನ್ ಅದಕ್ಕೆ ತಕ್ಕಂತೆ ಹೋಗಲಿ ಅಂದರು. ದಿನಕ್ಕೆ ಹಲವು ಸಲ ಬೆರಳು ಚುಚ್ಚಿ ಸಕ್ಕರೆ ನೋಡುವುದು, ಹಲವು ಸಲ ಇನ್ಸುಲಿನ್ ಚುಚ್ಚಿಕೊಳ್ಳುವುದು.

ಕೇಳೋಕೆ ಸುಲಭ. ಆದರೆ ನಿಧಾನದ, ದೀರ್ಘ ಅಭ್ಯಾಸದಲ್ಲಿ ಸ್ನಾಯುಗಳು ರಕ್ತದ ಸಕ್ಕರೆಯನ್ನು ತಾವಾಗಿಯೇ ಎಳೆದುಕೊಳ್ಳುತ್ತವೆ. ಮೈಯಲ್ಲಿ ಇನ್ಸುಲಿನ್ ಜಾಸ್ತಿ ಇದ್ದರೆ ಸಕ್ಕರೆ ಕುಸಿದು ನದಿಯ ಮಧ್ಯೆ ಕೈ ನಡುಗಬಹುದು, ಪ್ರಜ್ಞೆಯೂ ತಪ್ಪಬಹುದು. ರೇಸ್‌ನ ದಿನ ಇದು ಉಲ್ಟಾ. ಜೋರಾದ ಶ್ರಮ, ರೇಸ್‌ನ ಒತ್ತಡ ಎರಡೂ ಸೇರಿ ಅಡ್ರಿನಲಿನ್ ಏರುತ್ತದೆ, ಸಕ್ಕರೆಯೂ ಏರುತ್ತದೆ. ಹಾಗಾಗಿ ನಿನ್ನೆಯ ಡೋಸ್ ಇವತ್ತಿಗೆ ನಡೆಯಲ್ಲ. ಇನ್ನೊಂದು ತಲೆನೋವು ನಿಯಮದ್ದು. ಇನ್ಸುಲಿನ್ ಕ್ರೀಡೆಯಲ್ಲಿ ನಿಷೇಧಿತ ಪಟ್ಟಿಯಲ್ಲಿದೆ. ಕಾಯಿಲೆ ಇದ್ದವರು ವೈದ್ಯರ ದಾಖಲೆ ಕೊಟ್ಟು ಅನುಮತಿ ಪಡೆಯಬೇಕು. ಅವರ ಹೆಂಡತಿ ಆ್ಯನ್ ಸ್ವತಃ ವೈದ್ಯೆ. 1984ರ ಒಲಿಂಪಿಕ್ಸ್‌ನಲ್ಲಿ ರೋಯಿಂಗ್ ಮಾಡಿದವರು, ಮುಂದೆ ತಂಡದ ವೈದ್ಯೆಯೂ ಆದರು. ಮನೆಯಲ್ಲೇ ಇಂಥವರೊಬ್ಬರು ಇರುವುದು ಎಲ್ಲರಿಗೂ ಸಿಗುವ ಭಾಗ್ಯವಲ್ಲ.

ಈ ದಿನಗಳಲ್ಲೇ ಉಳಿದ ಮೂವರ ಪಾತ್ರ ನನಗೆ ದೊಡ್ಡದಾಗಿ ಕಾಣುತ್ತದೆ. ಕಾಯಿಲೆ ಬಂದ ಮೇಲೆ ರೆಡ್‌ಗ್ರೇವ್ ದೋಣಿಯಲ್ಲಿ ಎಲ್ಲರಿಗಿಂತ ಬಲಶಾಲಿಯಾಗಿ ಉಳಿಯಲಿಲ್ಲ. ಎರ್ಗ್‌ನಲ್ಲಿ ಪಿನ್ಸೆಂಟ್ ಮುಂದೆ, ಕ್ರ್ಯಾಕ್ನೆಲ್ ಕೂಡ ಮುಂದೆ. ಸಿಂಗಲ್‌ನಲ್ಲಿ ಇದ್ದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಸಿಡ್ನಿಗೆ ಎರಡು ತಿಂಗಳು ಮುಂಚೆ ಸ್ವಿಟ್ಜರ್‌ಲ್ಯಾಂಡಿನ ಲುಸರ್ನ್‌ನಲ್ಲಿ ನಾಲ್ವರ ದೋಣಿ ನಾಲ್ಕನೇ ಸ್ಥಾನಕ್ಕೆ ಇಳಿಯಿತು. ಮುದುಕನನ್ನು ಇಳಿಸಿ ಅನ್ನೋ ಮಾತು ಬರುವುದು ಇಂಥ ಹೊತ್ತಿನಲ್ಲೇ. ಗ್ರೋಬ್ಲರ್ ಇಳಿಸಲಿಲ್ಲ.

2000ದ ಸೆಪ್ಟೆಂಬರ್ 23ರಂದು ಸಿಡ್ನಿ ಹತ್ತಿರದ ಪೆನ್ರಿತ್‌ನಲ್ಲಿ ಫೈನಲ್. ರೇಸ್‌ನ ಬಹುಭಾಗ ಬ್ರಿಟನ್ ಮುಂದಿತ್ತು. ಕೊನೆಯಲ್ಲಿ ಇಟಲಿ ಉಗುರಂಚಿಗೆ ಬಂದಿತ್ತು. ಬ್ರಿಟನ್ 5 ನಿಮಿಷ 56.24 ಸೆಕೆಂಡ್, ಇಟಲಿ 56.62. ಅಂತರ 0.38 ಸೆಕೆಂಡ್. ಮೂರನೆಯದು ಆಸ್ಟ್ರೇಲಿಯಾ. ಪಿನ್ಸೆಂಟ್ ಸ್ಟ್ರೋಕ್ ಸೀಟಿನಿಂದ ಎದ್ದು, ಮಧ್ಯೆ ಕೂತಿದ್ದ ಫಾಸ್ಟರ್ ಮೇಲೆ ಹತ್ತಿ ದಾಟಿ, ರೆಡ್‌ಗ್ರೇವ್‌ರನ್ನು ತಬ್ಬಿಕೊಂಡು, ಆಮೇಲೆ ನೀರಿಗೆ ಬಿದ್ದರು. ರೆಡ್‌ಗ್ರೇವ್‌ಗೆ ಆಗ 38. ಮರುವರ್ಷ ಸರ್ ಪದವಿ ಬಂತು. ಇನ್ನೊಂದು ವಿಷಯ ನೋಡಿ, ನಾಲ್ಕು ಜನರ ಮಧ್ಯೆ ಗೆದ್ದರೂ ಹಾಸನದಲ್ಲಿ ಕೂತ ನಿಮಗೆ ಅವರ ಹೆಸರು ಗೊತ್ತಿದೆ. ಆ ವರ್ಷ ಸಿಂಗಲ್ ಗೆದ್ದವರ ಹೆಸರು ನಿಮ್ಮ ತಮ್ಮನಿಗೆ ಗೊತ್ತಾ, ಕೇಳಿ ನೋಡಿ. ಅವರು ನ್ಯೂಜಿಲೆಂಡಿನ ರಾಬ್ ವಾಡೆಲ್, ಹೃದಯದ ಬಡಿತ ತಪ್ಪುವ ತೊಂದರೆ ಇಟ್ಟುಕೊಂಡು ಗೆದ್ದವರು. ಅದೇನು ಸಣ್ಣ ಸಾಧನೆಯಲ್ಲ.

ನಮ್ಮ ದೇಶದ ಉದಾಹರಣೆ ಬೇಕೆಂದರೆ ನಿಮ್ಮ ತಮ್ಮ ಇರುವ ಪುಣೆಯಲ್ಲೇ ಇದೆ. ನಾಸಿಕ್ ಜಿಲ್ಲೆಯ ದತ್ತು ಭೋಕನಳ್ ತಂದೆಯ ಜೊತೆ ಬಾವಿ ತೋಡುತ್ತಿದ್ದವರು. ಸೇನೆಗೆ ಸೇರಿದ ಮೇಲೆಯೇ, ಪುಣೆಯಲ್ಲೇ ರೋಯಿಂಗ್ ಕಲಿತರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸಿಂಗಲ್‌ನಲ್ಲಿ 13ನೇ ಸ್ಥಾನ ಪಡೆದರು. ಅದು ಚೆನ್ನಾಗಿಯೇ ಇತ್ತು. ಆದರೆ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಸಿಂಗಲ್ ಫೈನಲ್‌ನಲ್ಲಿ ಪದಕ ಸಿಗಲಿಲ್ಲ. ಮಾರನೆಯ ದಿನ ಸವರ್ಣ್ ಸಿಂಗ್, ಓಂ ಪ್ರಕಾಶ್, ಸುಖ್‌ಮೀತ್ ಸಿಂಗ್ ಜೊತೆ ನಾಲ್ವರ ದೋಣಿಯಲ್ಲಿ ಕೂತು ಚಿನ್ನ ಗೆದ್ದರು. ಸಿಂಗಲ್‌ನಲ್ಲಿ ಚಿನ್ನ ಬಂದೇ ಇಲ್ಲ ಅಂತಲ್ಲ. 2010ರಲ್ಲಿ ಗುವಾಂಗ್‌ಝೌನಲ್ಲಿ ಬಜರಂಗ್ ಲಾಲ್ ಠಾಕರ್ ಗೆದ್ದಿದ್ದಾರೆ, ಏಷ್ಯನ್ ಕೂಟದ ರೋಯಿಂಗ್‌ನಲ್ಲಿ ಅದೇ ಭಾರತದ ಮೊದಲ ಚಿನ್ನ. ಒಲಿಂಪಿಕ್ಸ್‌ನಲ್ಲಿ ನಮ್ಮವರ ಒಳ್ಳೆಯ ಸ್ಥಾನ ಟೋಕಿಯೊದಲ್ಲಿ ಬಂದ 11. ಅದನ್ನು ತಂದದ್ದು ಕಡಿಮೆ ತೂಕದವರ ಇಬ್ಬರ ದೋಣಿ, ಅರ್ಜುನ್ ಲಾಲ್ ಜಾಟ್ ಮತ್ತು ಅರವಿಂದ್ ಸಿಂಗ್. ಆ ಕಡಿಮೆ ತೂಕದ ವಿಭಾಗವನ್ನು 2024ರ ಪ್ಯಾರಿಸ್ ನಂತರ ಒಲಿಂಪಿಕ್ಸ್‌ನಿಂದ ತೆಗೆದಿದ್ದಾರೆ. ಇನ್ನು ಮುಂದೆ ನಮ್ಮ ಹುಡುಗರು ರೆಡ್‌ಗ್ರೇವ್ ಅಳತೆಯವರ ಜೊತೆಯೇ ಗುದ್ದಾಡಬೇಕು. ಅವರು 6 ಅಡಿ 4 ಇಂಚು, 100 ಕೆ.ಜಿ.ಗೂ ಜಾಸ್ತಿ. ಈ ಲೆಕ್ಕದಲ್ಲಿ 6 ಅಡಿ 1 ಇಂಚಿನ ಹುಡುಗ ಸಿಂಗಲ್‌ಗೆ ಸ್ವಲ್ಪ ಗಿಡ್ಡನೇ. ನಾಲ್ವರ ದೋಣಿಯಲ್ಲಿ ಅದು ಅಷ್ಟು ಅಡ್ಡಿಯಲ್ಲ.

ತಂದೆಯವರ ವಿಷಯ. ರೆಡ್‌ಗ್ರೇವ್ ಸಕ್ಕರೆ ತಿಂದರು ಅಂತ ಇವರೂ ತಿನ್ನುವ ಹಾಗಿಲ್ಲ, ದಯವಿಟ್ಟು. ಅವರು ದಿನಕ್ಕೆ ಹಲವು ಗಂಟೆ ದೇಹ ದಂಡಿಸುತ್ತಿದ್ದರು. ನಡಿಗೆಯಿಂದ ನಿಮ್ಮ ತಂದೆಗೂ ಲಾಭ ಇದೆ. ಆದರೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತಗೊಳ್ಳುತ್ತಿದ್ದರೆ, ನಡಿಗೆ ಜಾಸ್ತಿ ಮಾಡುವ ಮೊದಲು ಡೋಸ್ ಬಗ್ಗೆ ಅವರ ಡಾಕ್ಟರನ್ನೇ ಕೇಳಿ. ಜೇಬಿನಲ್ಲಿ ಗ್ಲೂಕೋಸ್ ಇರಲಿ.

ತಮ್ಮನಿಗೆ ಒಂದು ಎಚ್ಚರಿಕೆಯೂ ಇದೆ. ಆಂಡಿ ಹೋಮ್ಸ್ 2010ರಲ್ಲಿ, 51ನೇ ವಯಸ್ಸಿನಲ್ಲಿ ತೀರಿಕೊಂಡರು. ಕಾರಣ ಲೆಪ್ಟೊಸ್ಪೈರೋಸಿಸ್, ನಮ್ಮ ಮಲೆನಾಡು, ಕರಾವಳಿಯ ಗದ್ದೆಯವರಿಗೆ ಚೆನ್ನಾಗಿ ಗೊತ್ತಿರುವ ಇಲಿ ಜ್ವರ. ನೀರಿನಿಂದ ತಗುಲಿರಬೇಕು ಅಂತ ಅಂದಾಜು. ರೋಯರ್‌ಗಳ ಅಂಗೈಯಲ್ಲಿ ಯಾವಾಗಲೂ ಒಡೆದ ಗುಳ್ಳೆಗಳಿರುತ್ತವೆ. ಗಾಯ ಮುಚ್ಚಿಕೊಂಡು ನೀರಿಗಿಳಿಯಲಿ, ಬಂದ ಕೂಡಲೇ ಸೋಪು ಹಾಕಿ ತೊಳೆಯಲಿ. ಜ್ವರ, ಮೈಕೈ ನೋವು ಬಂದರೆ ನೀರಿನ ಕೆಲಸ ಅಂತ ಡಾಕ್ಟರಿಗೆ ಮೊದಲೇ ಹೇಳಲಿ.

ಇನ್ನು ದೋಣಿ ಯಾವುದು ಅನ್ನುವುದು. ಕೋಚ್‌ಗಳು ಸೀಟ್ ರೇಸ್ ಅಂತ ಮಾಡಿಸುತ್ತಾರೆ. ಎರಡು ದೋಣಿ ಒಟ್ಟಿಗೆ ಓಡುತ್ತವೆ. ಆಮೇಲೆ ಎರಡರಿಂದ ಒಬ್ಬೊಬ್ಬರನ್ನು ಅದಲುಬದಲು ಮಾಡಿ ಮತ್ತೆ ಓಡಿಸುತ್ತಾರೆ. ಯಾರು ಬಂದಾಗ ದೋಣಿ ವೇಗವಾಯಿತು ಅಂತ ಅಲ್ಲಿ ಬಯಲಾಗುತ್ತದೆ. ಎರ್ಗ್‌ನಲ್ಲಿ ಮೊದಲಿಗನಾದವನು ಇಲ್ಲಿ ಹಿಂದೆ ಬೀಳುವುದು ಅಪರೂಪವೇನಲ್ಲ. ಸಿಂಗಲ್‌ನ ವಾದ ಸದ್ಯಕ್ಕೆ ಪಕ್ಕಕ್ಕಿಟ್ಟು, ಮುಂದಿನ ಸೀಟ್ ರೇಸ್ ಯಾವಾಗ ಅಂತ ಕೋಚ್ ಹತ್ತಿರ ಕೇಳಲು ಹೇಳಿ. ಸಿಂಗಲ್ ಅಭ್ಯಾಸವನ್ನೂ ಬಿಡುವುದು ಬೇಡ. ಅದರಿಂದ ಕೈ ಪಳಗುತ್ತದೆ, ರೆಡ್‌ಗ್ರೇವ್‌ಗೂ ಪಳಗಿದ್ದು ಅಲ್ಲೇ. 2028ರ ಲಾಸ್ ಏಂಜಲೀಸ್‌ನಲ್ಲಿ ರೇಸ್ 2000 ಮೀಟರ್ ಇರಲ್ಲ, 1500ಕ್ಕೆ ಇಳಿಸಿದ್ದಾರೆ. ಆರಂಭದಲ್ಲೇ ಜೋರಾಗಿ ಚಿಮ್ಮುವ ಹುಡುಗರಿಗೆ ಇದು ಅನುಕೂಲ. ಅವನು ಆ ತರಹದವನಾ ಅನ್ನುವುದನ್ನೂ ಅವನ ಕೋಚೇ ಹೇಳಬೇಕು.